ಎತ್ತರ ಕಮ್ಮಿ ಆತು

ಹಟ್ಟಿ ಕ್ಯಾಂಪಿನ ವಾಲಿಬಾಲ್ ಅಂಗಳದಲ್ಲಿ
ಹುಸೇನಪ್ಪ ಲಿಫ್ಟರ್.
ಅವನಪ್ಪನೂ ಲಿಫ್ಟಿನವನೇ:
ಶಾಫ್ಟಿನ ಬಾಯಲ್ಲಿ ಗಂಟೆ ಎಣಿಸಿ
ಎರಡು ಸಾವಿರ ಅಡಿ ಕೆಳಗಿನಿಂದ
ಪಾಳಿ ಮುಗಿಸಿದವರನ್ನು ಮೇಲಕ್ಕೆಳೆಯುವ ನೌಕರಿ.
ಮಗನದು ಹತ್ತು ಬೆರಳು, ಒಂದು ಚೆಂಡು,
ನೆಟ್ ಮೇಲೆ ಒಂದೂವರೆ ಮೊಳ ಗಾಳಿ.

ಹೊಡೆಯುವವನು ನಾನು.
ಪೇಪರಿನಲ್ಲಿ ಬಂದದ್ದು ನನ್ನ ಹೆಸರು,
ಸಿಂಧನೂರಿನಲ್ಲಿ ಜನ ಹೊತ್ತು ಕುಣಿದದ್ದು ನನ್ನನ್ನು.
ಅವನು ಹಿಂದೆ, ನೀರಿನ ಬಾಟಲಿ ಎಣಿಸುತ್ತ,
ಬಸ್ಸಿಗೆ ಚಿಲ್ಲರೆ ಕೂಡಿಸುತ್ತ.
ಆಗಲೇ ಮ್ಯಾನೇಜರ್ ಆಗಿದ್ದ,
ನಮಗೆ ಆ ಹೆಸರು ಗೊತ್ತಿರಲಿಲ್ಲ, ಅಷ್ಟೆ.

ನನ್ನ ಹೊಡೆತ ಗೆರೆ ದಾಟಿ ಜಾಲಿಕಂಟಿಗೆ ಬಿದ್ದರೆ
ನಾನು ಬೈಯಲು ಬಾಯಿ ತೆರೆಯುವ ಮೊದಲೇ
ಅವನ ಬಲಗೈ ಮೇಲೇಳುತ್ತಿತ್ತು:
"ತಪ್ಪು ನಂದೋ ಅಮರಗುಂಡ, ಎತ್ತರ ಕಮ್ಮಿ ಆತು."
ಕಮ್ಮಿ ಆಗಿರುತ್ತಿರಲಿಲ್ಲ.
ಮುಂದಿನ ಚೆಂಡೂ ನನಗೇ ಬರುತ್ತಿತ್ತು.

ಮೂವತ್ತೊಂದಕ್ಕೆ ಹೆಬ್ಬೆರಳು ಮುರಿದು ಸೊಟ್ಟಗೆ ಕೂಡಿತು.
ಕಂಪನಿ ಟೀಮಿನ ಕಿಟ್ ಕಾದ,
ಜಿಲ್ಲೆಯ ಹುಡುಗರಿಗೆ ಸೀಟಿ ಊದಿದ,
ಆಮೇಲೆ ನೀಲಿ ಕೋಟು, ವಿಮಾನ,
ಹುಡುಗರನ್ನು ದುಡ್ಡು ಕೊಟ್ಟು ಕೊಳ್ಳುವ ಲೀಗಿನಲ್ಲಿ
ಒಂದು ಇಡೀ ತಂಡ.
ಟೀವಿಯಲ್ಲಿ ನೋಡುತ್ತಿದ್ದೆ: ಗೆರೆಯಾಚೆ ನಿಂತವನ ಬೆರಳು
ಚೆಂಡೆದ್ದಾಗೆಲ್ಲ ತಾವೇ ಅರಳಿ ಮುಚ್ಚಿಕೊಳ್ಳುತ್ತಿದ್ದವು.
ಮೊದಲ ವರ್ಷ ಸಾಲಾಗಿ ಏಳು ಸೋತರು.
ಯಾರ ತಪ್ಪು, ಅಂತ ಮೈಕು ಹಿಡಿದವಳು ಕೇಳಿದಳು.
ಕೈ ಎದ್ದಿತು.
ಚಹಾದಂಗಡಿಯಲ್ಲಿ ನಾನೊಬ್ಬನೇ ನಕ್ಕೆ.

ಮೊನ್ನೆ ಬಂದಿದ್ದ, ಹುಡುಗರನ್ನು ನೋಡಲು.
ಅಂಗಳಕ್ಕೆ ನೀರು ಹೊಡೆದು ಸುಣ್ಣ ಎಳೆದಿದ್ದೆವು.
ಗಣಿಯ ಬೂದುಮಣ್ಣಿನ ದಿಬ್ಬದ ನೆರಳು
ಅರ್ಧ ಕೋರ್ಟು ನುಂಗುವ ಹೊತ್ತು.
ನನ್ನ ಮಗ ಮೌನೇಶ ಹೊಡೆದ, ಥೇಟ್ ನನ್ನ ಹಂಗೇ.
ಹನ್ನೊಂದರಲ್ಲಿ ನಾಲ್ಕು ಜಾಲಿಕಂಟಿಗೆ.
ನಾನು ಹುಸೇನಪ್ಪನ ಬಲಗೈಯನ್ನೇ ನೋಡುತ್ತಿದ್ದೆ.
ಅದು ಪೆನ್ನು ಹಿಡಿದಿತ್ತು.

ಮಂಡಾಳು, ಮಿರ್ಚಿ ತಿಂದೆವು.
ಖಾರಕ್ಕೆ ಮೂಗೊರೆಸಿಕೊಂಡು, ನನ್ನ ಕಡೆ ನೋಡದೆ ಅಂದ:
"ಕೈ ಚಲೋ ಅದ. ಕಾಲು ತಡ."
ನಾನು ಕಾದೆ.
ಇಪ್ಪತ್ತೆಂಟು ವರ್ಷದ ಚಟ, ತಪ್ಪು ನಂದೋ ಅಂತಾನೆಂದು ಕಾದೆ.
ಮೆಣಸಿನಕಾಯಿ ತೊಟ್ಟನ್ನು ಕಾಗದದ ಅಂಚಿಗಿಟ್ಟ.
"ನಾ ಹೇಳಲೇನು, ನೀ ಹೇಳ್ತೀಯೇನು?"
"ನೀನ ಹೇಳು."

ಕೋಟು ತೆಗೆದು ಕಂಬಕ್ಕೆ ತೂಗುಹಾಕಿ
ಹುಡುಗ ಬಿಚ್ಚುತ್ತಿದ್ದ ನೆಟ್‌ನ ಇನ್ನೊಂದು ತುದಿ ಹಿಡಿದ.
ಇಬ್ಬರೂ ಮಡಚುತ್ತ, ಮಡಚುತ್ತ
ಹತ್ತಿರ ಹತ್ತಿರ ಬಂದರು.
ಏನು ಮಾತಾಡಿದರೋ. ಪಾಳಿಯ ಸೈರನ್ ಕೂಗುತ್ತಿತ್ತು.

ಕಾರು ಲಿಂಗಸುಗೂರಿನ ದಾರಿ ಹಿಡಿದ ಮೇಲೆ
ಚೆಂಡನ್ನು ಕಂಕುಳಲ್ಲಿಟ್ಟುಕೊಂಡು ಮಗ ಬಂದ.
ಕಣ್ಣು ಕೆಂಪಗಿದ್ದವು, ತುಟಿಯ ತುದಿಯಲ್ಲಿ ನಗು.
"ನಿನ್ನ ಹೊಡೆತ ಸೈತ ಹಿಂಗ ಹೊರಗ ಹೋಗ್ತಿದ್ವಂತ,
ಖರೇನಪ್ಪಾ?"

ನನ್ನ ಭುಜ ನೋಯುತ್ತದೆ ಈಗ, ಪೂರ್ತಿ ಮೇಲೇಳುವುದಿಲ್ಲ.
ಎದ್ದಷ್ಟು
ಕೈ ಎತ್ತಿದೆ.