ಅಂಚಿನಲ್ಲಿ ಬಣ್ಣ ತೆಳು

ಒಂಬತ್ತು ಸಾವಿರದ ಇನ್ನೂರು.
ಚೀಟಿ ಎತ್ತಿದ ದುಡ್ಡು. ಗ್ರೀಸ್ ಡಬ್ಬದಲ್ಲಿ ಇಟ್ಟಿದ್ದೆ,
ಕಳ್ಳ ಬಂದರೂ ಕೈ ಹಾಕಲು ಹೇಸಬೇಕು.

ಗೋಣಿಕೊಪ್ಪದ ಬೈಪಾಸಿನಲ್ಲಿ ನನ್ನದು ವಾಟರ್ ಸರ್ವೀಸ್.
ಹನ್ನೊಂದು ವರ್ಷ ಜೀಪುಗಳ ಕೆಸರು ಇಳಿಸಿದ್ದೇನೆ.
ಮೊನ್ನೆ ದೇಚಮ್ಮ ಟೀಚರ್ ತಮ್ಮ ಕಪ್ಪು ಕಾರನ್ನು
ನಡುಮಧ್ಯಾಹ್ನದ ಬಿಸಿಲಿಗೆ ನಿಲ್ಲಿಸಿ ಕೇಳಿದರು:
“ತೊಳೆದದ್ದು ಸರಿ. ಈ ಜೇಡರ ಬಲೆ ಯಾರು ನೇಯ್ದದ್ದು?”

ಬಗ್ಗಿ ನೋಡಿದೆ. ಬಾನೆಟ್ಟಿನ ತುಂಬ
ಸೂರ್ಯನ ಸುತ್ತ ಸುತ್ತಿಕೊಂಡ ಕೂದಲೆಳೆ ಗೀರು.
ನೇಯ್ದದ್ದು ನಾನೇ.
ನನ್ನ ಬಟ್ಟೆ, ಬಟ್ಟೆಯೊಳಗಿನ ಮರಳು,
ವಾರಕ್ಕೊಮ್ಮೆ, ಇನ್ನೂರು ರೂಪಾಯಿಗೆ.

ವಿರಾಜಪೇಟೆಯಲ್ಲಿ ಸೈನುದ್ದೀನ್ ಕಾಕನ ಅಂಗಡಿ.
ಗಾಜಿನ ಹಿಂದೆ ಮೂರು ಪಾಲಿಶ್ ಮೆಷಿನ್,
ಒಂದೇ ದಿನ ಮೂರು ಸಂಬಂಧ ಬಂದ ಹಾಗೆ.

ಮೊದಲನೆಯದು ರೋಟರಿ. ಎರಡು ಸಾವಿರದ ಎಂಟುನೂರು.
ಎತ್ತಿದರೆ ಎಳೆ ಹಲಸಿನ ತೂಕ,
ಸ್ವಿಚ್ ಒತ್ತಿದರೆ ಹಗ್ಗ ಬಿಚ್ಚಿದ ಕರುವಿನ ಬುದ್ಧಿ:
ಅದು ಎಳೆದ ಕಡೆಗೆ ನಾನು.
ಎರಡನೆಯದು ಹೆಸರುವಾಸಿ, ಹದಿನೆಂಟು ಸಾವಿರ.
ಬೆಲೆ ಕೇಳಿ, ಮೆಲ್ಲಗೆ, ಮಗುವನ್ನು ಮಲಗಿಸುವಂತೆ ಕೆಳಗಿಟ್ಟೆ.
ಮೂರನೆಯದು ಡ್ಯುಯಲ್ ಆಕ್ಷನ್, ಆರು ಸಾವಿರದ ನಾನೂರು.
ಐದನೇ ಕ್ಲಾಸಿನ ಭೂಮಿಯ ಪಾಠ ನೆನಪಾಯಿತು:
ತನ್ನ ಸುತ್ತ ತಾನೂ ತಿರುಗುತ್ತದೆ,
ಇನ್ನೊಂದು ಸುತ್ತನ್ನೂ ಸುತ್ತುತ್ತದೆ.
ಗಟ್ಟಿ ಒತ್ತಿದೆ. ನಿಂತೇ ಹೋಯಿತು.
“ಇದು ಕೆಟ್ಟಿದೆ ಕಾಕಾ.”
“ಕೆಟ್ಟಿಲ್ಲ. ಒತ್ತಬೇಡ ಅಂತ ಹೇಳ್ತಾ ಇದೆ.”

ಆದರೂ ಉಳಿಸುವ ಆಸೆ.
ರೋಟರಿಯ ಡಬ್ಬ ಆಗಲೇ ನನ್ನ ಕಂಕುಳಲ್ಲಿತ್ತು,
ಪ್ರೈಮರ್ ಕೊಳ್ಳಲು ಜೋಕಿಂ ಮೇಸ್ತ್ರಿ ಬಂದಾಗ.
ನಲವತ್ತು ವರ್ಷ ಬಣ್ಣ ಹೊಡೆದ ಕೈ,
ಉಗುರಿನ ಬುಡದಲ್ಲಿ ಇನ್ನೂ ಯಾರದೋ ಅಂಬಾಸಿಡರಿನ ಬಿಳಿ.
ಡಬ್ಬ ನೋಡಿದರು. ನನ್ನನ್ನು ನೋಡಿದರು.
“ಅಮ್ಮತ್ತಿಯ ಒಂದು ನೀಲಿ ಫಿಯೆಟ್.
ಮಾರನೆಯ ದಿನ ಮದುವೆ. ಬಾಗಿಲ ಅಂಚಿನಲ್ಲಿ
ಇದೇ ಜಾತಿಯದನ್ನು ಒಂದು ಉಸಿರು ಜಾಸ್ತಿ ನಿಲ್ಲಿಸಿದೆ.
ನೀಲಿ ಹೋಯಿತು. ಬೂದಿ ಬಂತು.
ಬೂದಿಯೂ ಹೋಗಿ ತಗಡು ಹಲ್ಲು ಕಿರಿಯಿತು.”
ಪ್ರೈಮರಿನ ದುಡ್ಡು ಎಣಿಸಿ ಕೊಟ್ಟರು,
ಮೆಟ್ಟಿಲಿಳಿದವರು ಮತ್ತೆ ತಿರುಗಿ,
“ಅಂಚಿನಲ್ಲಿ ಬಣ್ಣ ತೆಳು, ಮಗಳೇ. ಎಷ್ಟು ದೊಡ್ಡ ಕಾರಿಗೂ.”

ರೋಟರಿ ಗಾಜಿನ ಹಿಂದಕ್ಕೆ ಹೋಯಿತು.

ಆಮೇಲೆ ಕಾಕನ ಕ್ಯಾಲ್ಕುಲೇಟರ್:
ಮೆಷಿನ್ ಆರು ಸಾವಿರದ ನಾನೂರು,
ಫೋಮ್ ಪ್ಯಾಡ್ ನಾಲ್ಕು, ಸಾವಿರದ ನೂರು
(“ಎರಡು ಸಾಕಲ್ವಾ?” “ಆನೆ ಕೊಂಡು ಅಂಕುಶಕ್ಕೆ ಚೌಕಾಶಿಯಾ?”),
ಕಾಂಪೌಂಡ್ ಏಳುನೂರೈವತ್ತು, ಟೇಪು ಅರುವತ್ತು,
ದಪ್ಪ ವೈರು ನಾನೂರ ಎಂಬತ್ತು.
ಉಳಿದದ್ದರಲ್ಲಿ ಮುನ್ನೂರೈವತ್ತು ಗುಜರಿಯವನಿಗೆ,
ಆಲ್ಟೋ ಒಂದರ ಕೆಂಪು ಬಾನೆಟ್ಟಿಗೆ.
ಅರುವತ್ತು ರೂಪಾಯಿ ಇತ್ತು.
ಬಾನೆಟ್ಟಿಗೂ ಟಿಕೆಟ್ ಬೇಕು ಎಂದ ಕಂಡಕ್ಟರ್,
ಕೊನೆಗೆ ನಕ್ಕ, ಬಿಟ್ಟ.

ಸಂಜೆ ನಮ್ಮ ಲೈನಿನಲ್ಲಿ ವೋಲ್ಟೇಜ್ ಇಲ್ಲ,
ಮೆಷಿನ್ ಜ್ವರ ಬಂದವರಂತೆ ಗೊಣಗುತ್ತದೆ.
ಹಾಗಾಗಿ ಬೆಳಗಿನ ಆರಕ್ಕೆ, ಎರಡು ಡ್ರಮ್ಮಿನ ಮೇಲೆ ಬಾನೆಟ್ಟು,
ನಡುವೆ ಟೇಪು. ಎಡಗಡೆ ಇದ್ದ ಹಾಗೆ.
ಬಲಗಡೆ ನಾನು:
ಒಂದು ಗೇಣು, ಅಡ್ಡ ನಾಲ್ಕು ಸಲ, ಉದ್ದ ನಾಲ್ಕು ಸಲ,
ಒರೆಸು, ಬಗ್ಗು, ನೋಡು.
ರಟ್ಟೆ ರಾತ್ರಿಯೂ ನಡುಗುತ್ತಿತ್ತು,
ಅನ್ನದ ತಟ್ಟೆಯೂ ಸುತ್ತಿದಂತೆ.

ಐದನೆಯ ದಿನ ಬಲಗಡೆಯಲ್ಲಿ
ಸಿಲ್ವರ್ ಮರ ಕಂಡಿತು, ವೈರಿನ ಮೇಲಿನ ಗುಬ್ಬಿ ಕಂಡಿತು,
ನನ್ನ ಮೂಗಿನ ತುದಿಯ ಬೆವರು ಕಂಡಿತು.
ಎದುರು ಮನೆಯ ಹುಂಜಕ್ಕೆ ಇನ್ನೊಂದು ಹುಂಜ ಕಂಡಿತು.

ನಾನು ನೀರು ಕುಡಿದು ಬರುವಷ್ಟರಲ್ಲಿ
ಕತ್ತು ಕೆದರಿ, ಹಾರಿ, ಕುಟುಕಿತ್ತು.
ಮೂರು ಗೀರು. ಎರಡು ನಡುವೆ, ಒಂದು ಅಂಚಿನಲ್ಲಿ.

ನಡುವಿನ ಎರಡನ್ನು ತೆಗೆದೆ.
ಅಂಚಿನದಕ್ಕೆ ಪ್ಯಾಡು ಇಟ್ಟೆ,
ಸ್ವಿಚ್ಚಿನ ಮೇಲೆ ಬೆರಳಿಟ್ಟೆ,
ತೆಗೆದೆ. ಅದು ಅಲ್ಲೇ ಇದೆ.

ದೇಚಮ್ಮ ಟೀಚರ್ ಭಾನುವಾರ ಬರುತ್ತಾರಂತೆ.