ತಾಯಿ ಕಡೆಯ ತಿರುವು

ಕೋಡಿಬಾಗದ ಸೇತುವೆ ಕೆಳಗೆ, ಇಳಿತದ ಹೊತ್ತು,
ಬೆಳಗಾವಿಯ ದಲಾಲಿ ಘೋರ್ಪಡೆ
ಟೆಂಪೋದ ಬಾನೆಟ್ ಮೇಲೆ ಕಾಗದ ಹಾಸಿದ.
ಗಾಳಿಗೆ ಹಾರದಂತೆ ನಾಲ್ಕು ಮೂಲೆಗೆ
ನಾಲ್ಕು ಚಿಪ್ಪಿಕಲ್ಲು.

ಮುತ್ತಜ್ಜ ಪುಣೆಯಲ್ಲಿ ಗೆದ್ದವನು,
ಅಜ್ಜನ ಎರಡು ಬೆಳ್ಳಿ ಬಟ್ಟಲು
ಇನ್ನೂ ಯಾರದೋ ಶೋಕೇಸಿನಲ್ಲಿವೆಯಂತೆ,
ಅಪ್ಪ ಕಾಠೇವಾಡದ ತಳಿ, ಕಿವಿಯ ತುದಿಗೆ ಕಿವಿಯ ತುದಿ ತಾಗುತ್ತದೆ.
ಘೋರ್ಪಡೆಯ ಬೆರಳು ಗಂಡಿನಿಂದ ಗಂಡಿಗೆ
ಮೆಟ್ಟಿಲಿಳಿದು ಬಂತು.
ತಾಯಿಯ ಕಡೆ ಒಂದು ಗೆರೆ.
ಗೆರೆಯ ಮೇಲೆ 'ದೇಸಿ'.

"ನದಿಮೂಲ ಋಷಿಮೂಲ ಕೇಳಬಾರದು ಬೀಬಿಜಾನ್,
ಕುದುರೆ ಮೂಲ ಕೇಳಬೇಕು. ಕೇಳಿ" ಅಂದ.
ಕಾಳಿ ಪಕ್ಕದಲ್ಲೇ ಸಮುದ್ರ ಸೇರುತ್ತಿದ್ದಳು,
ಯಾರೂ ಅವಳನ್ನು ಏನೂ ಕೇಳಲಿಲ್ಲ.

ಸುಳಿ ನೋಡಿದೆ. ಹಣೆಯಲ್ಲಿ ಒಂದೇ, ನಡುಮಧ್ಯೆ.
ಗೊರಸು ಎತ್ತಿ ಮೂಸಿದೆ, ಕೊಳೆತ ವಾಸನೆ ಇಲ್ಲ.
ಮೊಣಕಾಲಿನ ಕೆಳಗಿನ ಎಲುಬು ಮೋಟು,
ಸೊಂಟ ತಗ್ಗು, ಕೂತು ಏಳಬಲ್ಲ ಸೊಂಟ.
ಜನವರಿಯ ಪಂದ್ಯಕ್ಕೆ ಬೇಕಾದ್ದು ಅದೇ:
ಮರಳಲ್ಲಿ ಮೂರು ಡ್ರಮ್ಮು,
ಬಲಕ್ಕೊಂದು ಸುತ್ತು, ಎಡಕ್ಕೆರಡು,
ಆಮೇಲೆ ನೇರ ಮನೆ ಕಡೆ.
ಹದಿನೆಂಟು ಸೆಕೆಂಡಿನಲ್ಲಿ ಓಟ ಆರೋ ಏಳೋ,
ಉಳಿದದ್ದೆಲ್ಲ ತಿರುವು.

ನಮ್ಮಪ್ಪ ಲಾಡಸಾಬ, ಕಾರವಾರ ಸ್ಟ್ಯಾಂಡಿನ ಜಟಕಾದವ,
ಲಾಳ ಹೊಡೆಯುತ್ತ ಹೇಳುತ್ತಿದ್ದ:
ಅಪ್ಪನ ನೋಡಿ ಓಟ ಹೇಳು,
ಅಮ್ಮನ ನೋಡಿ ತಿರುವು ಹೇಳು.
ಹಾಗೆಂದವನೇ ನಮ್ಮಮ್ಮನ ಹೆಸರನ್ನು
ರೇಶನ್ ಕಾರ್ಡಿನಲ್ಲಿ ಎರಡು ಸಲ ತಪ್ಪು ಬರೆಸಿದ.

ಕುದುರೆ ಜೊತೆ ಬಂದ ಹುಡುಗನಿಗೆ ಚಹ ಕೊಡಿಸಿದೆ.
ಇದರ ತಾಯಿ ಹೇಗಿದ್ದಳೋ?
ಅವನು ಗ್ಲಾಸಿನೊಳಗೆ ನೋಡುತ್ತ,
"ಚಿಮಣಿ ಅಂತ. ಖಾನಾಪುರದಾಗ ಸೋಡಾ ಗಾಡಿ ಎಳೀತಿದ್ಲು.
ಓಣಿ ಇಷ್ಟಽ ಅಗಲ ರೀ"
ಎರಡು ಕೈ ಚಾಚಿ ತೋರಿಸಿದ, ಚಹ ಸ್ವಲ್ಪ ಚೆಲ್ಲಿತು,
"ಗಾಡಿ ತುಂಬ ಬಾಟ್ಲಿ. ತಿರುಗುವಾಗ
ಬಾಟ್ಲಿಗೆ ಬಾಟ್ಲಿ ತಾಗಿದ ಸಪ್ಪಳ ಕೇಳಿಲ್ಲ ನಾ."
ಈಗೆಲ್ಲಿದ್ದಾಳೆ?
ಹುಡುಗ ಚಹ ಮುಗಿಸಿದ.

ಘೋರ್ಪಡೆಗೆ ಹೇಳಿದೆ: ತಾಯಿ ಗಾಡಿ ಎಳೆದವಳಂತಲ್ಲ.
ಅವನ ಕಿವಿ ಕೆಂಪಾಯಿತು,
ಹುಡುಗನ ಕಡೆ ಕೆಕ್ಕರಿಸಿದ.
ನಾನು ಹಳಸಿದ ಮೀನು ಕಂಡವಳ ಹಾಗೆ
ಮುಖ ಮಾಡಿ ಸುಮ್ಮನೆ ನಿಂತೆ.
ನೀರು ಇನ್ನಷ್ಟು ಇಳಿಯಿತು. ಹನ್ನೆರಡು ಸಾವಿರವೂ ಇಳಿಯಿತು.
ವಾಪಸ್ ದಾರಿಯಲ್ಲಿ ಆ ಹುಡುಗನಿಗೆ ಏನಾಯಿತೋ,
ಕೇಳಲಿಲ್ಲ ನಾನು.

ಬೈತಖೋಲದಿಂದ ತಂದ ನೀಲಿ ಡ್ರಮ್ಮು,
ಅಂಚಿನಲ್ಲಿ ಬಂಗಡೆಯ ಉಪ್ಪು ಇನ್ನೂ ಬಿಳಿ.
ಹಗ್ಗ ಹಿಡಿದು ಮೊದಲ ಸಲ ಸುತ್ತ ನಡೆಸಿದಾಗ
ಮಗಳು ನಿಂತಳು, ಮೂಸಿದಳು, ಜೋರಾಗಿ ಸೀನಿದಳು.
ಆಮೇಲೆ ಒಂದು ಕಿವಿ ನನ್ನ ಕಡೆ ಮಡಚಿ,
ಹಿಂಗಾಲು ಹೊಟ್ಟೆಯಡಿ ಎಳೆದುಕೊಂಡು
ತಿರುಗಿದಳು,
ಬೆನ್ನ ಹಿಂದೆ
ಬಾಟ್ಲಿ ತುಂಬಿದ ಗಾಡಿ ಇದ್ದವಳ ಹಾಗೆ.