ಎಂಟೂವರೆ

ಗುಣವಾಯಿತು ಅನ್ನಲಿಲ್ಲ ಡಾಕ್ಟರು.
ಕಾಣಿಸುತ್ತಿಲ್ಲ ಅಂದರು.
ಮನೆಯಲ್ಲಿ ಸೂಜಿ ಬಿದ್ದು ಕಳೆದಾಗಲೂ
ಇದೇ ಮಾತು. ಆಮೇಲೆ ವಾರಗಟ್ಟಲೆ
ನೋಡಿ ನೋಡಿ ಹೆಜ್ಜೆ ಇಡುತ್ತೇವೆ.

ಒಂಬತ್ತು ವರ್ಷದ ಮಾತ್ರೆ ನಿಂತು
ಇವತ್ತಿಗೆ ಹತ್ತೊಂಬತ್ತು ದಿನ.
ಮೊಣಕಾಲು, ಭುಜ, ಹೆಬ್ಬೆರಳ ಬುಡ ನೋಯುತ್ತವೆ,
ಬಾಡಿಗೆಯವರು ಮನೆ ಖಾಲಿ ಮಾಡುವಾಗ
ಮಂಚ ದರದರ ಎಳೆದ ಹಾಗೆ.
ಬಿಟ್ಟಾಗ ಹೀಗೇ, ಎನ್ನುತ್ತಾಳೆ ನರ್ಸ್ ಮೆರೆಡ್,
ನನ್ನ ತೋಳಲ್ಲಿ ನರ ಹುಡುಕುತ್ತ.
ತಿಂಗಳಿಗೊಂದು ಸೀಸೆ ರಕ್ತ
ಕಾರ್ಡಿಫ್‌ಗೆ ಹೋಗಿ
ಸೊನ್ನೆಯಾಗಿ ತಿರುಗಿ ಬರಬೇಕು.

ರೆಪ್ಪೆಯ ಊತ ಇಳಿದಿದೆ.
ಮೊನ್ನೆ ಬಸ್ಸಿನ ಗಾಜಿನಲ್ಲಿ
ಅಕ್ಕನ ಮುಖ ಕಂಡು ಬೆಚ್ಚಿದೆ. ನನ್ನದೇ.

ಮಾರ್ಕೆಟ್ಟಿನಿಂದ ಪುಂಡಲೀಕ ಚಕ್ಕೋತ ತಂದ,
ಮಾತ್ರೆಗೆ ಕೂಡದೆಂದು ಇಷ್ಟು ವರ್ಷ
ಹೊಸ್ತಿಲು ದಾಟದ ಹಣ್ಣು.
ಜಾಣ, ಚಾಕು ತರಲಿಲ್ಲ.
ಕಿಟಕಿಯಲ್ಲಿಟ್ಟೆ. ಅದರ ಹಿಂದೆ
ಇಳಿತದ ಹೊತ್ತಿನ ಸ್ವಾನ್ಸಿ ಕಡಲು,
ದೂರ ಸರಿದ ನೀರು, ಬರೀ ಕೆಸರು.

ಎಂಟೂವರೆಗೆ ಫೋನು ಬಡಿದುಕೊಂಡಿತು.
ಇಬ್ಬರೂ ನೋಡಿದೆವು.
ಅದನ್ನಿನ್ನು ತೆಗೆದುಬಿಡು, ಅಂದ.
ಇರಲಿ ಅಂದೆ,
ಬೇಳೆ ಇಳಿಸೋಕಾಗುತ್ತೆ.